ಕಡಗೋಲು ಹಿಡಿದ ಕೈ

ಲಿವರ್‌ಪೂಲ್
೧ ಫೆಬ್ರವರಿ ೧೯೩೫

ಪ್ರೀತಿಯ ಅಮ್ಮನಿಗೆ,

ಇವತ್ತು ಸಂತ ಬ್ರಿಜಿಡಳ ಹಬ್ಬ. ನೀನು ಜೊಂಡಿನ ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸಿರುತ್ತೀಯ. ಆ ತಾಯಿಯ ಪಾಲೆಂದು ಕಿಟಕಿಯಲ್ಲಿ ಒಂದು ಮುದ್ದೆ ಬೆಣ್ಣೆ ಇಟ್ಟಿರುತ್ತೀಯ, ಬೆಳಗಾಗುವುದರೊಳಗೆ ಅದನ್ನು ಬೆಕ್ಕು ತಿಂದಿರುತ್ತದೆ, ಬ್ರಿಜಿಡಳೇ ಬಂದು ತಿಂದಳೆಂದು ನೀನು ಅಪ್ಪನ ಹತ್ತಿರ ವಾದ ಮಾಡುತ್ತಿರುತ್ತೀಯ. ಇಲ್ಲಿ ಜೊಂಡು ಎಲ್ಲಿ ಸಿಗಬೇಕು? ಪೊರಕೆಯ ಕಡ್ಡಿ ಕಿತ್ತು ಒಂದು ಶಿಲುಬೆ ಕಟ್ಟಿದೆ. ಸೊಟ್ಟಗಿದೆ, ಆದರೂ ಬಾಗಿಲ ಮೇಲಿದೆ.

ಮದುವೆಯಾದಾಗ ನಿನಗೆ ಬರೆದೆ. ಈಸ್ಟರಿಗೆ ಬರೆದೆ, ಕ್ರಿಸ್‌ಮಸ್ಸಿಗೆ ಬರೆದೆ. ಪ್ರತಿ ಸಲವೂ ಉತ್ತರ ಬಂದದ್ದು ಅಪ್ಪನಿಂದ. "ಎಲ್ಲರೂ ಕ್ಷೇಮ. ಹಸುಗಳೂ ಕ್ಷೇಮ." ಅಷ್ಟೇ. ಅಪ್ಪನಿಗೆ ಬರೆಯುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ ಎಂದು ಗೊತ್ತು. ಆದರೆ ನೀನು ಬರೆಯಬಲ್ಲವಳು.

ಇಲ್ಲಿನ ಅಂಗಡಿಯ ಬೆಣ್ಣೆಯನ್ನು ಕಾಗದದಲ್ಲಿ ಸುತ್ತಿ ಮಾರುತ್ತಾರೆ. ಎಲ್ಲವೂ ಒಂದೇ ಬಣ್ಣ, ಒಂದೇ ಆಕಾರ. ಯಾವ ಹಸುವಿನದು, ಯಾವ ಹುಲ್ಲಿನದು, ಯಾರ ಕೈಯದು ಎಂದು ನಾಲಗೆಗೆ ಏನೂ ತಿಳಿಯುವುದಿಲ್ಲ. ನನಗೆ ಮನೆಯ ನೆನಪು ಬಹಳ ಆಗುತ್ತಿದೆ ಅಮ್ಮ. ಸುತ್ತಿ ಬಳಸಿ ಹೇಳುವುದು ಯಾಕೆ, ನಿನ್ನ ನೆನಪೇ ಆಗುತ್ತಿದೆ.

ನಿನ್ನ ಮಗಳು,
ಹನೋರಾ

•

ಗ್ಲೌನ್‌ಡುವ್, ಕೆರಿ
೩ ಮಾರ್ಚ್ ೧೯೩೫

ಹನೋರಾಗೆ,

ನಿನ್ನ ಕಾಗದ ಬಂದದ್ದು ಮಂಗಳವಾರ, ಕಡೆಯುವ ದಿನ. ಕಪ್ಪು ಹಸು ಈ ವರ್ಷ ಬೇಗ ಕರು ಹಾಕಿತು, ಅದರ ಕೆನೆ ಇತ್ತು. ಅಂಚೆಯ ಟೈಗ್ ಬಾಗಿಲಲ್ಲಿ ನಿಂತು ಕಾಗದ ಆಡಿಸುತ್ತ, "ಗೋಬ್ನೆಟ್ಟಕ್ಕಾ, ಲಿವರ್‌ಪೂಲಿಂದ ಬಂದದೆ ನೋಡು!" ಎಂದ.

"ಕಾಗ್ದ ಎಲ್ಲೂ ಓಡೋಗಲ್ಲ. ಮೊದ್ಲು ಒಳ್ಳೇದಾಗ್ಲಿ ಅಂದು ಕಡಗೋಲು ಹಿಡಿ" ಎಂದೆ.

"ಅಂಚೆಯವ್ನಿಗೂ ಬಿಡಲ್ವಾ ನೀನು?"

"ಬಿಷಪ್ಪೇ ಬಂದ್ರೂ ಬಿಡಲ್ಲ. ಆ ತಂಬಾಕಿನ ಪೈಪ್ ಇಲ್ಲೇ ಆರ್ಸು, ಬೆಣ್ಣೆ ಬರೋವರ್ಗೂ ನನ್ನ ಮನೆ ಬೆಂಕಿ ಹೊಸ್ಲು ದಾಟಬಾರ್ದು."

ಗೊಣಗಿಕೊಂಡೇ ಪೀಪಾಯಿಯ ಕೆನೆಯಲ್ಲಿ ಕಡಗೋಲು ಕುಟ್ಟಿದ. ಬೆಣ್ಣೆ ಚೆನ್ನಾಗಿ ಬಂತು. ಆಮೇಲೆ ಕಾಗದ ಒಡೆದೆ.

ಉತ್ತರ ಬರೆಯಲಿಲ್ಲ ಎಂದು ದೂರುತ್ತೀಯ. ಏನು ಬರೆಯಲಿ? ನನ್ನ ಅತ್ತೆಯ ಕಾಲದಿಂದ ಈ ಮನೆಯಲ್ಲಿ ಕಡೆಯುವ ಹೊತ್ತಿಗೆ ಒಳಗೆ ಬಂದವರು ಕಡಗೋಲು ಮುಟ್ಟದೆ ಹೋದದ್ದಿಲ್ಲ. ಹಾಗೆ ಹೋದವನು ಒಬ್ಬನೇ, ಆ ಮೆಷಿನ್ನಿನವನು. ಹೊಲಿಗೆ ಮೆಷಿನ್ ರಿಪೇರಿ ಇದೆಯಾ ಎಂದು ಕೇಳಿಕೊಂಡು ಬಂದ, ಪೀಪಾಯಿಯ ಪಕ್ಕದಲ್ಲೇ ನಿಂತು ನಿನ್ನ ಮುಖ ನೋಡಿದ, ಕಡಗೋಲನ್ನು ಕೊಟ್ಟರೆ ಕೈ ಹಿಂದಕ್ಕೆ ಕಟ್ಟಿಕೊಂಡ. ಅದು ಸಾಲದೆಂದು ನನ್ನ ಒಲೆಯ ಕೆಂಡದಿಂದ ಸಿಗರೇಟು ಹಚ್ಚಿಕೊಂಡು ಹೊಗೆ ಬಿಡುತ್ತ ಹೊಸಿಲು ದಾಟಿದ. ಆ ದಿನ ಬೆಣ್ಣೆ ಬರಲಿಲ್ಲ. ಪೀಪಾಯಿಯ ಅಡಿಗೆ ಕೆಂಡ ಇಟ್ಟೆ, ಉಪ್ಪು ಹಾಕಿದೆ, ಪ್ರಾರ್ಥನೆ ಮಾಡಿದೆ. ಸಂಜೆಯವರೆಗೆ ಕುಟ್ಟಿದರೂ ನೊರೆ, ಬರೀ ನೊರೆ. ಆಮೇಲೂ ಎಷ್ಟೋ ವಾರ ಹಾಗೇ ಆಯಿತು. ಮೊದಲು ಬೆಣ್ಣೆಯನ್ನು ಒಯ್ದ, ಆಮೇಲೆ ಮಗಳನ್ನು ಒಯ್ದ.

ಅವನು ನಮ್ಮ ಮತದವನೇ, ಕುಡುಕನಲ್ಲ, ದುಡಿಯುತ್ತಾನೆ ಎಂದು ನಿನ್ನಪ್ಪ ಹೇಳುತ್ತಲೇ ಇರುತ್ತಾರೆ. ಇರಬಹುದು. ಮನೆಯ ಭಾಗ್ಯಕ್ಕೆ ಕೈ ಕೂಡಿಸದವನನ್ನು ನಾನು ಮನೆಯವನು ಎನ್ನುವುದಿಲ್ಲ.

ಪೊರಕೆಯ ಕಡ್ಡಿಯಲ್ಲಿ ಶಿಲುಬೆ ಕಟ್ಟಬಾರದು. ಸ್ವಲ್ಪ ಜೊಂಡು ಇದರ ಜೊತೆ ಕಳಿಸಿದ್ದೇನೆ.

ಗೋಬ್ನೆಟ್

•

ಲಿವರ್‌ಪೂಲ್
೨೫ ಮಾರ್ಚ್ ೧೯೩೫

ಪ್ರೀತಿಯ ಅಮ್ಮನಿಗೆ,

ಜೊಂಡು ಬಂತು. ಮೂಸಿ ನೋಡಿದೆ, ಇನ್ನೂ ನಮ್ಮ ಕೆರೆಯ ವಾಸನೆ ಇತ್ತು. ನೀನು "ಅಮ್ಮ" ಎಂದು ಬರೆಯದೆ ಹೆಸರು ಬರೆದು ಮುಗಿಸಿದ್ದನ್ನೂ ನೋಡಿದೆ. ಆದರೂ ಆ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತೇನೆ.

ಈಗ ನಾನು ಹೇಳುವುದನ್ನು ಸಿಟ್ಟಾಗದೆ ಓದು. ಆ ದಿನ ವಿಲ್ಫ್ರೆಡ್ ನೇರವಾಗಿ ಕೆಳಗಿನ ಮನೆಯಿಂದ ಬಂದಿದ್ದ. ಅವರ ಮೆಷಿನ್ನನ್ನು ಪೂರಾ ಬಿಚ್ಚಿ ಜೋಡಿಸಿದ್ದ, ಮೊಣಕೈವರೆಗೂ ಕಪ್ಪು ಎಣ್ಣೆ. ನೀನು ಬೂದಿ ಹಾಕಿ ಉಜ್ಜಿ ಬೆಳ್ಳಗೆ ಮಾಡಿದ್ದ ಕಡಗೋಲನ್ನು ಆ ಕೈಯಲ್ಲಿ ಹಿಡಿಯುವುದು ಹೇಗೆ ಎಂದು ಕೈ ಹಿಂದೆ ಕಟ್ಟಿಕೊಂಡ. ನಿನ್ನ ಹಾಲು ಕೆಡಬಾರದೆಂದು ಮಾಡಿದ್ದು ಅಮ್ಮ! ಸಿಗರೇಟಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಇಲ್ಲಿ ಬೆಂಕಿಕಡ್ಡಿ ಗೀರುತ್ತಾರೆ, ಸೇದುತ್ತಾರೆ. ಯಾರ ಮನೆಯ ಭಾಗ್ಯವೂ ಅದರ ಜೊತೆ ಹೋಗುವುದಿಲ್ಲ. ನಿನ್ನ ಬೆಣ್ಣೆ ಕದಿಯುವಷ್ಟು ಜಾಣತನ ಅವನಿಗಿದ್ದಿದ್ದರೆ ನಾವು ಮೀನಿನ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಯಾಕೆ ಇರುತ್ತಿದ್ದೆವು?

ಆ ಮೀನಿನ ವಾಸನೆ ಈಚೆಗೆ ನನಗೆ ಆಗುತ್ತಿಲ್ಲ. ಬೆಳಗಿನ ಹೊತ್ತು ಚಹಾ ಕೂಡ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಒಂದು ಲೋಟ ಹುಳಿ ಮಜ್ಜಿಗೆ ಸಿಕ್ಕಿದ್ದರೆ, ಮೇಲೆ ಬೆಣ್ಣೆಯ ಚೂರು ತೇಲುತ್ತಿರುತ್ತದಲ್ಲ, ಅಂಥದ್ದು, ಕುಡಿದು ಸುಧಾರಿಸಿಕೊಳ್ಳುತ್ತಿದ್ದೆ.

ನಿನ್ನ ಮಗಳು,
ಹನೋರಾ

•

ಗ್ಲೌನ್‌ಡುವ್
೨ ಮೇ ೧೯೩೫

ಹನೋರಾ,

ಎಣ್ಣೆ ಇತ್ತಂತೆ. ಬಾಯಿ ಇರಲಿಲ್ಲವೇ? "ಅಮ್ಮಾ, ಕೈ ಕೊಳೆಯಾಗಿದೆ" ಎಂದಿದ್ದರೆ ಬಿಸಿನೀರು ಕೊಡುತ್ತಿದ್ದೆ. ನಿನ್ನಪ್ಪ ಸಗಣಿ ಕೈಯಲ್ಲಿ ಬಂದಾಗ ಕೊಡುವುದಿಲ್ಲವೇ? ನಿನ್ನ ಕಾಗದವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಪಾಪ, ಕಣೇ" ಎಂದರು. ಈ ಮನೆಯಲ್ಲಿ ಎಲ್ಲರೂ ಪಾಪದವರು, ನಾನೊಬ್ಬಳೇ ಕೆಟ್ಟವಳು.

ನಿನ್ನೆ ಮೇ ಒಂದು. ಎಂದಿನಂತೆ ಸೂರ್ಯ ಹುಟ್ಟುವ ಮೊದಲೇ ಎದ್ದು ದನದ ಕೊಟ್ಟಿಗೆಗೂ ಬಾಗಿಲಿಗೂ ಹಳದಿ ಹೂ ಕಟ್ಟಿದೆ. ಮನೆಯಿಂದ ಹಾಲು, ಉಪ್ಪು, ಬೆಂಕಿ, ಏನೂ ಹೊರಗೆ ಕೊಡಲಿಲ್ಲ. ಈ ಕಾಗದವನ್ನೂ ನಿನ್ನೆ ಕಳಿಸಬಹುದಿತ್ತು. ಆ ದಿನ ಮನೆಯದು ಏನೂ ಹೊರಗೆ ಹೋಗಬಾರದೆಂದು ಇವತ್ತು ಬರೆಯುತ್ತಿದ್ದೇನೆ.

ನಿನ್ನಪ್ಪನಿಗೆ ಹೊಸ ಹುಚ್ಚು ಹಿಡಿದಿದೆ. ಕೆಳಗೆ ಸೇತುವೆಯ ಹತ್ತಿರ ಡೈರಿ ಆಗಿದೆ, ಎಲ್ಲರೂ ಬೆಳಿಗ್ಗೆ ಕತ್ತೆಗಾಡಿಯಲ್ಲಿ ಹಾಲು ಸಾಗಿಸುತ್ತಾರೆ. ಯಂತ್ರ ಕೆನೆ ತೆಗೆಯುತ್ತದಂತೆ. "ನಿನ್ನ ಭುಜಕ್ಕೂ ವಯಸ್ಸಾಯ್ತು, ಸಾಕ್ಮಾಡು" ಎನ್ನುತ್ತಾರೆ. ಬಲಭುಜ ನೋಯುವುದು ನಿಜ. ಈ ಬೇಸಿಗೆಯೊಂದು ನನ್ನದು, ಮುಂದಿನ ವರ್ಷ ನೋಡೋಣ ಎಂದಿದ್ದೇನೆ.

ಬೆಳಗಿನ ಹೊತ್ತು ಏನೂ ನಿಲ್ಲುವುದಿಲ್ಲ ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟೆಯಲ್ಲ. ನಾನು ನಿನ್ನನ್ನು ಹೆತ್ತವಳು. ಯಾವ ತಿಂಗಳು?

ಅಮ್ಮ

•

ಲಿವರ್‌ಪೂಲ್
೧೬ ಜೂನ್ ೧೯೩೫

ನನ್ನ ಅಮ್ಮನಿಗೆ,

ಅಕ್ಟೋಬರ್.

ಈ ಒಂದು ಮಾತು ಬರೆಯಲು ಇಷ್ಟು ದಿನ ಬೇಕಾಯಿತು. ಹೋದ ವರ್ಷವೂ ಒಮ್ಮೆ ಹೀಗೇ ಬರೆಯಲು ಕೂತಿದ್ದೆ. ಆಮೇಲೆ ಬರೆಯುವ ಅಗತ್ಯ ಬೀಳಲಿಲ್ಲ. ಅದಕ್ಕೇ ಈ ಸಲ ಹೆದರಿ ಸುಮ್ಮನಿದ್ದೆ. ಈಗ ಐದು ತಿಂಗಳು ದಾಟಿದೆ, ಒದೆಯುತ್ತದೆ. ಡಾಕ್ಟರು ಹಡಗು ಹತ್ತಬೇಡ, ಮೆಟ್ಟಿಲು ಕೂಡ ಹೆಚ್ಚು ಹತ್ತಬೇಡ ಎಂದಿದ್ದಾರೆ. ಬೇಸಿಗೆಗೆ ಮನೆಗೆ ಬರಬೇಕೆಂದು ಎಷ್ಟೊಂದು ಆಸೆ ಇಟ್ಟುಕೊಂಡಿದ್ದೆ ಅಮ್ಮ.

ಬಯಕೆ ಎಂದರೆ ಏನೆಂದು ಈಗ ಗೊತ್ತಾಯಿತು. ಪಕ್ಕದ ಮನೆಯವಳು ಉಪ್ಪಿನಕಾಯಿ ಎನ್ನುತ್ತಾಳೆ, ಇನ್ನೊಬ್ಬಳು ಸೀಮೆಸುಣ್ಣ ತಿಂದಳಂತೆ. ನನಗೆ ಬೇಕಾದದ್ದು ನಿನ್ನ ಬೆಣ್ಣೆ, ಹಂಸದ ಅಚ್ಚು ಒತ್ತಿದ್ದು, ದಪ್ಪ ಉಪ್ಪು ಹಲ್ಲಿಗೆ ಸಿಗುವಂಥದ್ದು. ನಿದ್ದೆಯಲ್ಲೂ ಬಾಯಲ್ಲಿ ನೀರೂರುತ್ತದೆ.

ಒಂದು ತಮಾಷೆ ಕೇಳು. ನನ್ನ ಗೋಳು ನೋಡಲಾರದೆ ವಿಲ್ಫ್ರೆಡ್ ಒಂದು ಭಾನುವಾರ ಕೆನೆ ಕೊಂಡುತಂದು ಜಾಮಿನ ಬಾಟಲಿಗೆ ಹಾಕಿ ಅಲುಗಾಡಿಸಲು ಶುರು ಮಾಡಿದ. ಕೋಣೆಯ ಈ ತುದಿಯಿಂದ ಆ ತುದಿಗೆ ಕುಣಿದ. ನಾನು ನಗುತ್ತ ನಗುತ್ತ ಮಂಚದ ಮೇಲೆ ಒರಗಿಕೊಂಡೆ, ಅಲ್ಲೇ ಕಣ್ಣು ಹತ್ತಿತು. ಎದ್ದು ನೋಡಿದರೆ ಇನ್ನೂ ಕುಣಿಯುತ್ತಿದ್ದಾನೆ! ಬೆಣ್ಣೆ ಯಾವಾಗಲೋ ಬಂದು, ಮಜ್ಜಿಗೆಯನ್ನು ಒಳಗೇ ಎಳೆದುಕೊಂಡು, ಜಿಡ್ಡು ಜಿಡ್ಡಾಗಿ ಬಿಳುಚಿಕೊಂಡಿತ್ತು. ಎಷ್ಟು ತೊಳೆದರೂ ನೀರು ತಿಳಿಯಾಗಲಿಲ್ಲ. ಮರುದಿನಕ್ಕೆ ಹುಳಿ ವಾಸನೆ.

"ಬಂದ್ಮೇಲೆ ನಿಲ್ಲಿಸ್ಬೇಕಪ್ಪಾ" ಎಂದೆ.

"ಬಂತು ಅಂತ ಗೊತ್ತಾಗೋದು ಹೇಗೆ?"

"ಸದ್ದಿನಲ್ಲಿ. ಚಳಚಳ ಅಂತಿರೋದು ಇದ್ದಕ್ಕಿದ್ದ ಹಾಗೆ ಧಪ್ ಅನ್ನುತ್ತೆ. ಆಗ ಕೈ ನಿಲ್ಲಬೇಕು. ಒಂದೇ ಒಂದು ಸಲ ಹೆಚ್ಚು ಕುಟ್ಟಿದ್ದಕ್ಕೆ ನಮ್ಮಜ್ಜಿ ನಮ್ಮಮ್ಮನ ಗೆಣ್ಣಿಗೆ ಸೌಟಲ್ಲಿ ಹೊಡೆದಿದ್ದರು."

ಅವನು ಅಂದಿನಿಂದ ಅದೇ ಚಿಂತೆಯಲ್ಲಿದ್ದಾನೆ. ಆಗಸ್ಟಿನಲ್ಲಿ ಕೆಲಸದ ಮೇಲೆ ಕಾರ್ಕ್ ಪಟ್ಟಣಕ್ಕೆ ಕಳಿಸುತ್ತಾರಂತೆ. ಅಲ್ಲಿಂದ ಗ್ಲೌನ್‌ಡುವ್ ಒಂದು ದಿನದ ದಾರಿ. "ನಿಮ್ಮಮ್ಮ ಕೊಟ್ರೆ ನಾನೇ ಹೋಗಿ ತರ್ತೀನಿ" ಎನ್ನುತ್ತಾನೆ. ಕೊಡುತ್ತೀಯಾ ಅಮ್ಮ? ಅವನಿಗಾಗಿ ಬೇಡ. ನನ್ನ ಬಾಯಿಗೆ ಬೇಕು.

ನಿನ್ನ
ನೋರಿ

•

ಗ್ಲೌನ್‌ಡುವ್
೭ ಜುಲೈ ೧೯೩೫

ನೋರೀ,

ಹೋದ ವರ್ಷದ್ದನ್ನು ಈಗ ಹೇಳುತ್ತೀಯ. ನನಗೆ ಒಂದು ಮಾತು ತಿಳಿಸಿದ್ದರೆ ಈಜಿಕೊಂಡಾದರೂ ಬರುತ್ತಿದ್ದೆ. ನಿನ್ನ ಕಾಗದ ಓದಿ ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ. ನಿನ್ನಪ್ಪ ಅಡುಗೆ ಮನೆಗೆ ಬರಲು ಹೆದರಿ ಹುಲ್ಲಿನ ಮೆದೆಯ ಹತ್ತಿರವೇ ಊಟ ಮಾಡಿದರು.

ಕಾಲು ಎತ್ತರಕ್ಕೆ ಇಟ್ಟು ಮಲಗು. ಭಾರ ಎತ್ತಬೇಡ.

ಬೆಣ್ಣೆಯ ಮಾತು. ಬಸುರಿ ಹೆಂಗಸು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವಷ್ಟು ಪಾಪಿಯಲ್ಲ ನಾನು. ಅಂಚೆಯಲ್ಲಿ ಕಳಿಸಿದರೆ ಈ ಬಿಸಿಲಿಗೆ ನಿನಗೆ ಸಿಗುವುದು ಎಣ್ಣೆ. ಯಾರಾದರೂ ಕೈಯಲ್ಲೇ ಒಯ್ಯಬೇಕು, ಒಯ್ಯುವವನು ಅವನೊಬ್ಬನೇ. ಆದರೆ ಕಡಗೋಲು ಹಿಡಿಯದ ಕೈಗೆ ಈ ಮನೆಯ ಬೆಣ್ಣೆಯನ್ನು ನಾನು ಕೊಡುವುದಿಲ್ಲ. ಕೊಟ್ಟರೆ ಇರುವ ಅಷ್ಟಿಷ್ಟು ಭಾಗ್ಯವೂ ಅದರ ಹಿಂದೆ ಹೋಗುತ್ತದೆ. ಈಗ ನಿನ್ನ ಹೊಟ್ಟೆಯಲ್ಲಿರುವುದನ್ನು ನೆನೆದರೆ ಅಂಥ ಧೈರ್ಯ ನನಗಿಲ್ಲ, ಬೇಕಾದರೆ ನಗು.

ಅದಕ್ಕೆ ಅವನಿಗೆ ಹೇಳು. ಮಂಗಳವಾರ, ಶುಕ್ರವಾರ ಕಡೆಯುತ್ತೇನೆ. ಬಿಸಿಲು ಏರುವ ಮೊದಲೇ ಶುರು ಮಾಡುತ್ತೇನೆ, ಆಗಸ್ಟಿನಲ್ಲಿ ಹೊತ್ತಾದರೆ ಬೆಣ್ಣೆ ಮೆತ್ತಗಾಗುತ್ತದೆ. ಪೇಟೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬರಲಿ. ಕಡೆಯುತ್ತಿರುವಾಗ ಒಳಗೆ ಬರಬೇಕು, ಒಳ್ಳೇದಾಗಲಿ ಎನ್ನಬೇಕು, ಕಡಗೋಲು ಹಿಡಿಯಬೇಕು. ಬೆಣ್ಣೆ ಬಂದ ಮೇಲೆ ಬಂದರೆ ಅವನು ಬರೀ ನೆಂಟ, ಚಹಾ ಕೊಟ್ಟು ಕಳಿಸುತ್ತೇನೆ. ಬೆಣ್ಣೆ ಯಾರಿಗೂ ಕಾಯುವುದಿಲ್ಲ, ನಾನೂ ಕಾಯುವುದಿಲ್ಲ.

ಕೈ ತೊಳೆದುಕೊಂಡು ಬರಲು ಹೇಳು.

ನಿನ್ನ ಅಮ್ಮ

•

ಗ್ಲೌನ್‌ಡುವ್
೨೦ ಆಗಸ್ಟ್ ೧೯೩೫, ಮಂಗಳವಾರ

ನನ್ನ ನೋರಿಗೆ,

ಇದನ್ನು ಬೆಣ್ಣೆಯ ಡಬ್ಬಿಯ ಜೊತೆಗೇ ಕಳಿಸುತ್ತಿದ್ದೇನೆ. ಅವನು ಹೊರಗೆ ನಿನ್ನಪ್ಪನ ಜೊತೆ ಕೂತು ನಮ್ಮ ಗೋಡೆ ಗಡಿಯಾರ ಬಿಚ್ಚುತ್ತಿದ್ದಾನೆ. ಅದು ಕೆಟ್ಟಿರಲಿಲ್ಲ, ಆದರೂ ಬಿಚ್ಚುತ್ತಿದ್ದಾನೆ.

ಬೆಳಗಿನ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತಂತೆ. ಅಲ್ಲಿಂದ ಗುಡ್ಡ ಹತ್ತಿ ನಡೆದೇ ಬಂದಿದ್ದಾನೆ. ಬಾಗಿಲಲ್ಲಿ ನಿಂತಾಗ ಮುಖ ಕೆಂಪು, ಬೂಟಿನ ತುಂಬ ಕೆಸರು, ಕೈ ಮಾತ್ರ ಬೆಳ್ಳಗೆ. ದಾರಿಯಲ್ಲಿ ಸಿಕ್ಕ ಪ್ರತಿ ತೊರೆಯಲ್ಲೂ ತೊಳೆದುಕೊಂಡನಂತೆ. ಒಳಗೆ ಬರಲು ಹೆದರಿ ಅಲ್ಲೇ ನಿಂತ.

"ಅಮ್ಮಾ, ಹೊತ್ತಾಯ್ತು. ಬೆಣ್ಣೆ ಬಂದ್ಬಿಡ್ತಾ?" ಎಂದ. ಅಳುವವನ ಹಾಗಿತ್ತು ಧ್ವನಿ.

ನಾನು ಕುಟ್ಟುತ್ತಿದ್ದೆ. "ಇನ್ನೂ ಇಲ್ಲ. ಏನಂತ ಹೇಳ್ಬೇಕು ಗೊತ್ತಾ?" ಎಂದೆ.

"ದೇವ್ರು ಈ ಕೆಲ್ಸಕ್ಕೆ ಒಳ್ಳೇದು ಮಾಡ್ಲಿ" ಎಂದ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ ಎಂದು ಗೊತ್ತಾಯಿತು. ಕೋಟು ತೆಗೆದ, ತೋಳು ಮಡಿಸಿದ, ಕಡಗೋಲು ಹಿಡಿದ. ಹಿಡಿಯುವ ರೀತಿ ಏನೂ ಬರುವುದಿಲ್ಲ, ಸಾಣೆ ಹಿಡಿದವನ ಹಾಗೆ ಸೊಂಟ ಬಗ್ಗಿಸುತ್ತಾನೆ. ಆದರೂ ನಾಲ್ಕೈದು ಸಲ ಕುಟ್ಟುವಷ್ಟರಲ್ಲಿ ಬೆಣ್ಣೆ ಬಂತು. "ಬಂತು, ಬಂತು, ನಿಲ್ಸು!" ಎಂದು ಕೂಗಿದೆ. ಅವನ ಕೈಗುಣ ಒಳ್ಳೆಯದು.

ಮೂಲೆಯಲ್ಲಿ ಊಟ ಮಾಡುತ್ತಿದ್ದ ನಿನ್ನಪ್ಪ ಏನೋ ಹೇಳಲು ಬಾಯಿ ತೆರೆದರು. ನಾನು ಒಮ್ಮೆ ನೋಡಿದೆ. ಆ ಬಾಯಿಗೆ ಆಲೂಗಡ್ಡೆ ಇಟ್ಟುಕೊಂಡರು.

ತೊಳೆದು, ಉಪ್ಪು ಹಾಕಿ, ಅಚ್ಚು ಒತ್ತಿದ್ದೇನೆ. ಎಲೆಕೋಸಿನ ಎಲೆಯಲ್ಲಿ ಸುತ್ತಿ ಒದ್ದೆ ಬಟ್ಟೆ ಹಾಕಿದೆ. ಅವನಿಗೆ ಎರಡು ತಟ್ಟೆ ಊಟ ಹಾಕಿದೆ, ಎರಡನ್ನೂ ತಿಂದ. ನಿನ್ನ ಬಗ್ಗೆ ಕೇಳಿದೆ. ಮೆಟ್ಟಿಲ ಮೇಲೆ ನೀನು ಕಾಲಿಟ್ಟರೆ ಕೆಳಗಿಂದ ಕೈ ಚಾಚಿಕೊಂಡು ನಿಲ್ಲುತ್ತಾನಂತೆ. ಇರಲಿ, ಒಳ್ಳೆಯ ಹುಡುಗ.

ವಿಲ್ಫ್ರೆಡ್ಡನ ಬೂಟು ಒಲೆಯ ಹತ್ತಿರ ಒಣಗುತ್ತಿದೆ. ಒಣಗಿದ ಮೇಲೆ ಹೊರಡುತ್ತಾನೆ. ಬೆಣ್ಣೆಯನ್ನು ಬೇಗ ತಿಂದು ಮುಗಿಸು, ಇಡಬೇಡ.

ನಿನ್ನ ಅಮ್ಮ

•

ಲಿವರ್‌ಪೂಲ್
೨೩ ಆಗಸ್ಟ್ ೧೯೩೫

ಅಮ್ಮಾ,

ಬೆಣ್ಣೆ ಬಂತು. ಹಡಗಿನಲ್ಲಿ ಮಲಗದೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದನಂತೆ. ಪಕ್ಕದಲ್ಲಿ ಕೂತವರು ಒಳಗೇನಿದೆ ಎಂದರೆ "ನಾನು ಮಾಡಿದ್ದು" ಎಂದನಂತೆ.

ಬಂದಾಗಿನಿಂದ ಅದೇ ಕಥೆ. "ನಾನು ಹಿಡಿದಿದ್ದೇ ತಡ, ನಿಮ್ಮಮ್ಮ ಬಂತು ಅಂತ ಕೂಗಿದ್ರು!"

"ಸದ್ದು ಬದಲಾಯ್ತಾ?" ಎಂದು ಕೇಳಿದೆ.

"ಅದೇ ನೋಡು, ನೀನು ಹೇಳಿದ್ದಕ್ಕೆ ಕಿವಿಗೊಟ್ಟು ಕೇಳ್ದೆ. ನಾನು ಬಾಗಿಲಲ್ಲಿ ನಿಂತಾಗ್ಲಿಂದ ಕೊನೇವರ್ಗೂ ಧಪ್ ಧಪ್ ಅಂತಾನೇ ಇತ್ತು. ಚಳಚಳ ಅನ್ಲೇ ಇಲ್ಲ."

"ನೀನು ಹೋದಾಗ ಎಷ್ಟೊತ್ತು?"

"ನಿಮ್ಮಪ್ಪ ಮಧ್ಯಾಹ್ನದ ಊಟಕ್ಕೆ ಕೂತಿದ್ರು."

ನಾನು ಡಬ್ಬಿಯ ಮುಚ್ಚಳ ತೆಗೆದೆ.

ಎಲೆ ಬಿಚ್ಚಿದೆ. ಹಂಸದ ಕುತ್ತಿಗೆ ಅಳಿಸಿಹೋಗಿತ್ತು. ಚಾಕು ಹಾಕಿದರೆ ಮಜ್ಜಿಗೆಯ ಹನಿ ಒಸರಿತು. ಬಿಳುಚಿಕೊಂಡು, ಜಿಡ್ಡು ಜಿಡ್ಡಾಗಿ, ಆಗಲೇ ಹುಳಿ ಹಿಡಿಯತೊಡಗಿತ್ತು. ಜಾಮಿನ ಬಾಟಲಿಯ ಬೆಣ್ಣೆಯನ್ನು ನಾನು ಮರೆತಿಲ್ಲ ಅಮ್ಮ. ಇಡೀ ಗ್ಲೌನ್‌ಡುವಿನಲ್ಲಿ ನಿನ್ನಂಥ ಬೆಣ್ಣೆ ಯಾರ ಮನೆಯಲ್ಲೂ ಇರಲಿಲ್ಲ. ಹುಟ್ಟಿದಾಗಿನಿಂದ ತಿಂದಿದ್ದೇನೆ, ಒಂದು ದಿನವೂ ನಿನ್ನ ಕೈ ಹೆಚ್ಚಿಗೆ ಬಿದ್ದದ್ದನ್ನು ಕಂಡಿಲ್ಲ. ಬೆಳಗಿನ ತಂಪಿನಲ್ಲಿ ಬಂದ ಬೆಣ್ಣೆಯನ್ನು ಮಧ್ಯಾಹ್ನದವರೆಗೂ ಯಾರಿಗೂ ಹೇಳದೆ ಯಾಕೆ ಕುಟ್ಟುತ್ತಿದ್ದೆ ಎಂದು ನಾನು ಕೇಳುವುದಿಲ್ಲ. ಬಾಗಿಲ ಕಡೆ ಎಷ್ಟು ಸಲ ನೋಡಿದೆ ಎಂದೂ ಕೇಳುವುದಿಲ್ಲ.

ರೊಟ್ಟಿಗೆ ದಪ್ಪಗೆ ಹಚ್ಚಿಕೊಂಡು ತಿಂದೆ. ಎರಡನೆಯ ತುಂಡಿಗೆ ಅಳು ಬಂತು. ವಿಲ್ಫ್ರೆಡ್ ಗಾಬರಿಯಾಗಿ, "ಯಾಕೆ, ಚೆನ್ನಾಗಿಲ್ವಾ? ನಾನೇ ಕೆಡಿಸಿದ್ನಾ?" ಎಂದ.

"ಇಲ್ಲ. ನಮ್ಮಮ್ಮ ನನಗೆ ಇಂಥ ಬೆಣ್ಣೆ ಯಾವತ್ತೂ ಮಾಡಿಕೊಟ್ಟಿರ್ಲಿಲ್ಲ" ಎಂದೆ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಕೆಳಗಿನ ಮೀನಿನ ಅಂಗಡಿಯವನಿಗೂ ಹೋಗಿ ಹೇಳಿ ಬಂದ. ಅವನಿಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ಡಬ್ಬಿಯನ್ನು ಬೆರಳಲ್ಲಿ ಬಳಿದು ಮುಗಿಸಿದ್ದೇನೆ.

ಅಕ್ಟೋಬರಿಗೆ ನೀನು ಬರಬೇಕು. ಹಸುಗಳನ್ನು ಅಪ್ಪ ನೋಡಿಕೊಳ್ಳಲಿ, ಹಾಲು ಡೈರಿಗೆ ಹೋಗಲಿ. ಹಡಗುಕಟ್ಟೆಗೆ ನಿನ್ನ ಅಳಿಯ ಬಂದು ನಿಂತಿರುತ್ತಾನೆ.

ಮಂಗಳವಾರದಿಂದ ನಿನ್ನ ಬಲಭುಜ ಎತ್ತಲು ಆಗುತ್ತಿರಲಿಕ್ಕಿಲ್ಲ. ದಪ್ಪ ಉಪ್ಪನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ, ದಿನಾ ರಾತ್ರಿ ಶಾಖ ಕೊಟ್ಟುಕೋ.

ನಿನ್ನ
ನೋರಿ